ಕೈ ಕಲಿತ ವಿದ್ಯೆ: ಭೀಮಾತೀರದ ಮಕ್ಕಳ ಶಿಕ್ಷಣದ ಒಂದು ಮುಖ

ಹಿಂಗಾರಿ ಜೋಳದ ಬಿತ್ತನೆಯಲ್ಲಿ ಕೂರಿಗೆಯ ಹಿಂದೆ ನಡೆಯುವ ಹೆಣ್ಣುಮಗಳ ಮುಷ್ಟಿ ನೋಡತಕ್ಕದ್ದು. ಉಡಿಯಲ್ಲಿ ಬೀಜವಿರುತ್ತದೆ. ಹೆಬ್ಬೆರಳು ತುಸುವೇ ಸಡಿಲಿದಂತೆ ಕಾಳು ಮುಷ್ಟಿಯಿಂದ ಬಟ್ಟಲಿಗೆ, ಬಟ್ಟಲಿನಿಂದ ಬಿದಿರಿನ ಕೊಳವೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಧಾರೆ ಎಲ್ಲಿಯೂ ಕಡಿಯಬಾರದು, ಎಲ್ಲಿಯೂ ದಟ್ಟವಾಗಬಾರದು. ಎತ್ತಿನ ನಡೆ ಎಷ್ಟು ಬಿರುಸೋ ಮುಷ್ಟಿಯ ಸಡಿಲವೂ ಅಷ್ಟೇ ಬಿರುಸಾಗಬೇಕು. ಈ ವಿದ್ಯೆಯನ್ನು ಬಾಯಿಮಾತಿನಿಂದ ಕಲಿಸಿದ ತಾಯಿ ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ಯಾರೂ ಇರಲಾರಳು. ಮಗಳು ಮೊದಲು ಉಡಿಗೆ ಬೀಜ ತುಂಬಿಕೊಡುತ್ತಾಳೆ. ಅನಂತರ ಹೊಲದ ಅಂಚಿನ ಒಂದೆರಡು ಸಾಲಿಗೆ ಬಟ್ಟಲ ಮೇಲೆ ಕೈಯಿಡುತ್ತಾಳೆ. ಅವಳ ತಪ್ಪನ್ನು ಯಾರೂ ಎತ್ತಿ ತೋರಿಸಬೇಕಿಲ್ಲ. ಮೊಳಕೆ ಎದ್ದಾಗ ಬರಿದಾಗಿ ಉಳಿದ ಗೇಣುದ್ದದ ಜಾಗವೇ ಅದನ್ನು ಹೇಳುತ್ತದೆ. ಟ್ರ್ಯಾಕ್ಟರಿನ ಬಿತ್ತನೆ ಯಂತ್ರ ಬಂದ ಮೇಲೆ ಈ ಮುಷ್ಟಿಗೆ ಕೆಲಸ ಕಡಿಮೆಯಾಗಿದೆ. ಆದರೆ ಮಕ್ಕಳಿಗೆ ಹೊಸ ಕೌಶಲವೊಂದು ಹೇಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ದೊರೆಯುವುದು ಕಷ್ಟ.

ನಮ್ಮಲ್ಲಿ ಶಿಕ್ಷಣದ ಇತಿಹಾಸವೆಂದರೆ ಶಾಲೆಗಳ ಇತಿಹಾಸವೆಂದೇ ರೂಢಿಯಾಗಿದೆ. ಯಾವ ಶಾಲೆ ಯಾವ ವರ್ಷ ತೆರೆಯಿತು, ಯಾರು ಭೂಮಿ ಕೊಟ್ಟರು, ಎಷ್ಟು ವಿದ್ಯಾರ್ಥಿಗಳಿದ್ದರು ಎಂಬಲ್ಲಿಗೆ ಬರವಣಿಗೆ ಮುಗಿಯುತ್ತದೆ. ಶಾಲೆಯ ಗೋಡೆಯ ಹೊರಗೆ ಕೈಯ ಮೂಲಕ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ವಿದ್ಯೆಗೆ ಆ ಪುಟಗಳಲ್ಲಿ ಸ್ಥಳವಿಲ್ಲ. ವಚನ ಸಾಹಿತ್ಯದ ಅಭ್ಯಾಸಿಗಳಿಗಂತೂ ಈ ಉಪೇಕ್ಷೆ ಸಲ್ಲದು. ಕಾಯಕವನ್ನು ಧರ್ಮದ ನಡುಮನೆಗೆ ತಂದವರ ಸಾಹಿತ್ಯವನ್ನು ಓದುವವರು, ಆ ಕಾಯಕ ಶರಣರ ಕೈಗೆ ಬಂದ ಬಗೆ ಯಾವುದೆಂದು ಕೇಳದೆ ಮುಂದೆ ಹೋಗುವುದು ಹೇಗೆ?

ಈ ಮೂರು ತಾಲೂಕುಗಳು ಶರಣ ಪರಂಪರೆಗೆ ಹೊರಗಿನವಲ್ಲ. ಏಕಾಂತದ ರಾಮಯ್ಯನವರು ಆಳಂದೆಯವರೆಂದು ಅಬ್ಬಲೂರಿನ ಶಾಸನ ಸಾರುತ್ತದೆ. ಬಸವಣ್ಣನವರಿಗಿಂತ ಹಿರಿಯರಾದ ಜೇಡರ ದಾಸಿಮಯ್ಯನವರ ಮುದನೂರು ಇಲ್ಲಿಗೆ ದೂರವಿಲ್ಲದ ಸುರಪುರ ಸೀಮೆಯಲ್ಲಿದೆ. ದಾಸಿಮಯ್ಯನವರು ನೇಯುವವರು. ನೇಕಾರನ ಮನೆಯಲ್ಲಿ ಮಗುವಿನ ಕೈಗೆ ಮೊದಲು ಲಾಳಿ ಬರುವುದಿಲ್ಲ, ರಾಟೆ ಬರುತ್ತದೆ. ಅದು ಕಂಡಿಕೆ ಸುತ್ತುತ್ತದೆ. ನೂಲು ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ಸಡಿಲಬಿಟ್ಟರೆ ಸಿಕ್ಕಾಗುತ್ತದೆ ಎಂಬುದನ್ನು ಬೆರಳು ತಾನಾಗಿ ಅರಿಯುತ್ತದೆ. ಮುಂದೆ ಹರಿದ ಎಳೆಯನ್ನು ಹುರಿಮಾಡಿ ಕೂಡಿಸುವ ಕೆಲಸ, ಆಮೇಲೆ ಹಾಸು ಹಿಡಿಯುವ ಕೆಲಸ. ಕುಳಿಮಗ್ಗದಲ್ಲಿ ಕೂತು ಕಾಲಿಗೂ ಕೈಗೂ ಹೊಂದಿಕೆ ತಂದುಕೊಳ್ಳುವುದು ಬಹಳ ತಡವಾಗಿ. ಕುಂಬಾರರಲ್ಲಿಯೂ ಹೀಗೆಯೇ. ಮಗು ಮೊದಲು ಮಣ್ಣಿನೊಳಗಿನ ಹರಳು ಆರಿಸುತ್ತದೆ, ಮಣ್ಣು ತುಳಿಯುತ್ತದೆ. ತಿಗರಿಯ ಮುಂದೆ ಕುಳಿತುಕೊಳ್ಳುವ ಹಕ್ಕು ಅದಕ್ಕೆ ವರ್ಷಗಳ ಮೇಲೆ ಸಿಗುತ್ತದೆ. ಮೇದಾರರಲ್ಲಿ ಬಿದಿರು ಸೀಳುವುದಕ್ಕೆ ಮುಂಚೆ ಸೀಳಿದ ಬಿದಿರಿನ ಸಿಬಿರು ಹೆರೆಯುವುದು. ಎಲ್ಲೆಡೆಯೂ ಒಂದೇ ನ್ಯಾಯ: ಮಗು ಮಾಡುವುದು ಆಟದ ಕೆಲಸವಾಗಿರುವುದಿಲ್ಲ, ಮನೆಗೆ ನಿಜವಾಗಿಯೂ ಬೇಕಾದ ಕೆಲಸದ ಅತಿ ಚಿಕ್ಕ ತುಣುಕಾಗಿರುತ್ತದೆ, ಕೆಟ್ಟರೆ ಹೆಚ್ಚು ಹಾನಿಯಾಗದಂಥ ತುಣುಕನ್ನೇ ಹಿರಿಯರು ಆರಿಸಿ ಕೊಟ್ಟಿರುತ್ತಾರೆ. ಆ ಆಯ್ಕೆಯಲ್ಲಿಯೇ ಅವರ ಬೋಧನಕ್ರಮವೆಲ್ಲ ಅಡಗಿದೆ.

ಆದರೆ ಈ ಕ್ರಮಕ್ಕೆ ಒಂದು ಕಠಿಣವಾದ ಮಿತಿಯಿತ್ತು. ಯಾವ ಕಸುಬನ್ನು ಕಲಿಯಬೇಕೆಂಬುದನ್ನು ಮಗುವಿನ ಒಲವು ಗೊತ್ತುಮಾಡುತ್ತಿರಲಿಲ್ಲ, ಹುಟ್ಟು ಗೊತ್ತುಮಾಡುತ್ತಿತ್ತು. ಕೈ ಕಲಿತದ್ದರ ಮೇಲೆಯೇ ಮನುಷ್ಯನ ಮೇಲು ಕೀಳುಗಳೂ ನಿಂತವು. ಶರಣರು ಇದನ್ನು ಎದುರಿಸಿದ ಬಗೆಯನ್ನು ಕುರಿತು ಉತ್ಸಾಹದಿಂದ ಬರೆಯುವವರು ಒಂದು ಮಾತನ್ನು ಮರೆಯುವುದುಂಟು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದರ ಕೇತಯ್ಯನವರು, ಡೋಹರ ಕಕ್ಕಯ್ಯನವರು, ಮಾದಾರ ಧೂಳಯ್ಯನವರು ಇವರ ಹೆಸರಿನೊಡನೆ ಬಂದ ಕಸುಬುಗಳು ಬಹುಮಟ್ಟಿಗೆ ಹುಟ್ಟಿನಿಂದ ಬಂದ ಕಸುಬುಗಳೇ. ಶರಣರು ಕಸುಬನ್ನು ಬಿಡಿಸಲಿಲ್ಲ; ಕಸುಬಿಗೆ ಅಂಟಿದ ಕೀಳುತನವನ್ನು ಬಿಡಿಸಿದರು. ತೊಗಲು ಹದಮಾಡುವ ಕೈಯೂ ಲಿಂಗವನ್ನು ಹಿಡಿಯಬಲ್ಲುದೆಂದು ಸಾಧಿಸಿದರು. ಈ ವ್ಯತ್ಯಾಸ ಸಣ್ಣದಲ್ಲ, ಆದರೆ ಅದನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳುವುದೂ ಇತಿಹಾಸಕ್ಕೆ ನ್ಯಾಯವಲ್ಲ.

ಹೀಗಿದ್ದೂ ಪರಂಪರೆ ಒಂದು ಕಿಂಡಿಯನ್ನು ತೆರೆದಿಟ್ಟಿದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರೆಂದು ಶರಣಚರಿತ್ರೆಗಳು ಹೇಳುತ್ತವೆ. ಈ ಕಥೆಯನ್ನು ವೈರಾಗ್ಯದ ದೃಷ್ಟಾಂತವಾಗಿ ಎಲ್ಲರೂ ಓದುತ್ತಾರೆ. ಕಲಿಕೆಯ ದೃಷ್ಟಿಯಿಂದಲೂ ಅದನ್ನು ಓದಬಹುದು. ಕೊಡಲಿ ಹಿಡಿದರಿಯದ ಕೈ ನಡುವಯಸ್ಸಿನಲ್ಲಿ ಕೊಡಲಿ ಹಿಡಿಯಿತು. ಯಾವ ಮರ ಒಣಗಿದೆ, ಹೊರೆ ಹೇಗೆ ಕಟ್ಟಿದರೆ ತಲೆಯ ಮೇಲೆ ನಿಲ್ಲುತ್ತದೆ ಎಂಬುದನ್ನು ಮೊದಲಿನಿಂದ ಕಲಿಯಬೇಕಾಯಿತು. ಕಾಯಕವನ್ನು ಹುಟ್ಟಿನಿಂದಲ್ಲದೆ ಮನಸ್ಸಿನಿಂದಲೂ ಪಡೆಯಬಹುದೆಂಬ ನಂಬಿಕೆ ಇಲ್ಲದಿದ್ದರೆ ಇಂಥ ಕಥೆ ಹುಟ್ಟುತ್ತಿರಲಿಲ್ಲ. ನುಲಿಯ ಚಂದಯ್ಯನವರದು ಇನ್ನೊಂದು ಬಗೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸದೆ ನಡೆದ ಅವರ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆ ಪರಿಚಿತ. ಹುಲ್ಲನ್ನು ಹುರಿಗೊಳಿಸಿ ಹಗ್ಗ ಮಾಡುವುದು ಯಾವ ಮಗುವಾದರೂ ಒಂದು ಮಧ್ಯಾಹ್ನದಲ್ಲಿ ಆರಂಭಿಸಬಹುದಾದ, ಆದರೆ ಬಿಗಿ ಸಮವಾಗಬೇಕಾದರೆ ಬಹುಕಾಲ ಹಿಡಿಯುವ ಕೆಲಸ. ಅಂಥ ಸಾಮಾನ್ಯ ಕೈಕೆಲಸವನ್ನು ಲಿಂಗಪೂಜೆಯೊಡನೆ ತಕ್ಕಡಿಗಿಟ್ಟು ತೂಗುವ ಧೈರ್ಯವನ್ನು ಆ ಸಂವಾದ ತೋರಿಸಿದೆ.

ಮಠಗಳೊಳಗಿನ ಅಕ್ಷರವಿದ್ಯೆಯೂ ಮೂಲತಃ ಕೈವಿದ್ಯೆಯೇ ಆಗಿತ್ತು. 17ನೆಯ ಶತಮಾನದ ಜೇವರ್ಗಿಯ ಷಣ್ಮುಖಸ್ವಾಮಿಗಳು ತಮ್ಮ ಗುರುವಿನ ಹೆಸರಾದ ಅಖಂಡೇಶ್ವರನನ್ನೇ ಅಂಕಿತವಾಗಿಸಿಕೊಂಡು ಷಟ್‌ಸ್ಥಲಕ್ರಮದಲ್ಲಿ ವಚನಗಳನ್ನು ರಚಿಸಿದರು. ಅವರ ವಚನಗಳಾಗಲಿ ಅವರಿಗಿಂತ ಹಿಂದಿನವರ ವಚನಗಳಾಗಲಿ ನಮಗೆ ಉಳಿದುಬಂದದ್ದು ಓಲೆಗರಿಗಳಲ್ಲಿ. ಓಲೆಯ ಮೇಲೆ ಬರೆಯುವವನು ಎಡಗೈಯಲ್ಲಿ ಗರಿಯನ್ನು ಹಿಡಿದು, ಎಡ ಹೆಬ್ಬೆರಳನ್ನು ಕಂಠಕ್ಕೆ ಆನಿಕೆಯಾಗಿ ಕೊಟ್ಟು, ಗರಿಯನ್ನೇ ಮೆಲ್ಲಗೆ ಸರಿಸುತ್ತ ಕೊರೆಯುತ್ತಾನೆ. ಬಲವಾಗಿ ಒತ್ತಿದರೆ ಗರಿ ಸೀಳುತ್ತದೆ, ಹಗುರವಾಗಿ ಒತ್ತಿದರೆ ಮಸಿ ಹಿಡಿಯುವುದಿಲ್ಲ. ಈ ಹದವನ್ನು ಕಲಿತ ಅಜ್ಞಾತ ಲಿಪಿಕಾರರ ಬೆರಳುಗಳಿಲ್ಲದಿದ್ದರೆ, 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚುಮಾಡಲು ಕೈಯಲ್ಲಿ ಏನಿರುತ್ತಿತ್ತು?

ಮಠದ ಓಲೆಯಿಂದ ಊರ ಮಕ್ಕಳ ಮರಳಿಗೆ ಬಂದರೆ ಸಿಗುವುದು ಕೂಲಿಮಠ. ಐಗಳು ನಡೆಸುತ್ತಿದ್ದ ಈ ಶಾಲೆಗಳ ಅತ್ಯಂತ ವಿವರವಾದ ಚಿತ್ರ ದೊರೆಯುವುದು ತುಂಗಭದ್ರೆಯ ಆಚೆಗಿನ ಬಳ್ಳಾರಿಯಿಂದ. ಭೀಮಾತೀರ ನಿಜಾಮರ ಆಳ್ವಿಕೆಯಲ್ಲಿದ್ದಾಗ ಬಳ್ಳಾರಿ ಮದರಾಸು ಸರಕಾರಕ್ಕೆ ಸೇರಿತ್ತು. ಅಲ್ಲಿಯ ಕಲೆಕ್ಟರ ಎ. ಡಿ. ಕ್ಯಾಂಪಬೆಲ್ಲನು 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಸರಕಾರಕ್ಕೆ ವರದಿ ಸಲ್ಲಿಸಿದನು. 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಐದು ವರ್ಷದ ಮಗು ಶಾಲೆಗೆ ಬಂದೊಡನೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಬೇಕು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಮೂರಡಿ ಉದ್ದ, ಒಂದಡಿ ಅಗಲದ, ಅನ್ನ ಮತ್ತು ಇದ್ದಲಿನ ಪುಡಿ ಬಳಿದ ಮರದ ತುಂಡು. ಕಡತವೆಂದರೆ ಗಂಜಿಯಿಂದ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟನ್ನು ಲೇಪಿಸಿದ ಬಟ್ಟೆ. ಬರೆಯಲು ಬಳಪ; ಅಳಿಸಲು ಒದ್ದೆಬಟ್ಟೆ. ಬರೆಯುತ್ತ ಉಚ್ಚರಿಸುವುದು, ಉಚ್ಚರಿಸುತ್ತ ಬರೆಯುವುದು. ಬೆರಳು, ಕಣ್ಣು, ನಾಲಿಗೆ ಮೂರೂ ಒಂದೇ ಅಕ್ಷರದ ಮೇಲೆ ನಿಲ್ಲುವುದು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಇದರಿಂದ ಕಲಿಸುವವನ ಕಲಿಕೆಯೂ ಗಟ್ಟಿಯಾಗುತ್ತದೆಂದು ಕ್ಯಾಂಪಬೆಲ್ಲನು ಮೆಚ್ಚಿ ಬರೆದನು; ಇಂಗ್ಲೆಂಡಿನಲ್ಲಿ ಇದರ ಅನುಕರಣೆ ನಡೆದದ್ದು ಯೋಗ್ಯವೇ ಆಯಿತೆಂದೂ ಸೇರಿಸಿದನು.

ಆ ಅನುಕರಣೆಯ ಹಿಂದೆ ಇದ್ದವನು ಆ್ಯಂಡ್ರೂ ಬೆಲ್. ಮದರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಈ ಪಾದ್ರಿ, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆ ಪದ್ಧತಿಯನ್ನು ತನ್ನ ಶಾಲೆಗೆ ತಂದನು. ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸುವ ಏರ್ಪಾಡನ್ನೂ ಮಾಡಿ, 1797ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸರಿಯವರು ಉಸುಕಿನ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಮಕ್ಕಳ ಬೆರಳಿನಿಂದ ತೀಡಿಸಿದರು. ಎರಡಕ್ಕೂ ಸಂಬಂಧವಿತ್ತೆಂದು ಹೇಳಬೇಕಾಗಿಲ್ಲ. ಆದರೆ ಆ ಕಾಗದವನ್ನು ಕಂಡು ಬೆರಗಾಗುವ ನಮ್ಮ ಪಂಡಿತರು ಐಗಳ ಮರಳನ್ನು ಹಳ್ಳಿಗಾಡಿನ ಅವಸ್ಥೆಯೆಂದು ಕಡೆಗಣಿಸುವುದು ವಿಚಿತ್ರವೇ ಸರಿ.

ಕೂಲಿಮಠವನ್ನು ಹೊಗಳುತ್ತ ಕೂಡುವುದೂ ತರವಲ್ಲ. ಬೆಳಗಿನ ಆರು ಗಂಟೆಗೆ ಶಾಲೆ ಕೂಡುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಕೈಗಳನ್ನು ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಇದಕ್ಕಿಂತ ಆಳವಾದ ದೋಷವನ್ನೂ ಕ್ಯಾಂಪಬೆಲ್ಲನು ಗುರುತಿಸಿದ್ದಾನೆ. ಓದಿಸುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿನಿಂದ ದೂರವಾಗಿದ್ದು, ಅರ್ಥ ಶಿಷ್ಯನಿಗೂ ತಿಳಿಯದು, ಎಷ್ಟೋ ವೇಳೆ ಐಗಳಿಗೂ ತಿಳಿಯದು. ಹುಡುಗರು ನೂರಾರು ಪದ್ಯ ಒಪ್ಪಿಸಿದರೂ ಅದು ಗಿಳಿಯ ಮಾತಾಗಿತ್ತೆಂದು ಅವನು ಮರುಗಿದನು. ಪರದೇಶದ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕಲಾಗದು. ಬೆರಳು ಅಕ್ಷರವನ್ನು ಕಲಿತಿತ್ತು, ಅಕ್ಷರದ ಒಳಗಿನದು ಬಾಳಿಗೆ ಇಳಿದಿರಲಿಲ್ಲ. ನೇಕಾರನ ಮಗುವಿಗೆ ಕಂಡಿಕೆ ಏಕೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಬಟ್ಟೆ ಕಣ್ಣ ಮುಂದೆಯೇ ಬೆಳೆಯುತ್ತಿರುತ್ತದೆ. ಪದ್ಯ ಏಕೆಂಬುದಕ್ಕೆ ಕೂಲಿಮಠದಲ್ಲಿ ಉತ್ತರವಿರಲಿಲ್ಲ.

ಅದೇ ವರದಿಯ ಇನ್ನೊಂದು ಭಾಗ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಶಾಲೆಗಳು ಕ್ಷೀಣಿಸಲು ಕಾರಣವೇನೆಂದು ಹೇಳುವಾಗ ಕ್ಯಾಂಪಬೆಲ್ಲನು ನಾಡಿನ ಬಡತನವನ್ನು ಮುಂದಿಡುತ್ತಾನೆ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ದುಡಿಮೆ ಕುಗ್ಗಿತು. ಮಕ್ಕಳ ವಿದ್ಯೆಗೆ ವೆಚ್ಚ ಮಾಡುವ ಶಕ್ತಿ ತಂದೆತಾಯಿಗಳಿಗೆ ಉಳಿಯಲಿಲ್ಲ. ಎಳೆಯ ಕೈಕಾಲುಗಳಿಗೆ ತುಸು ಬಲ ಬಂದೊಡನೆ ಅವನ್ನು ದುಡಿಮೆಗೆ ಹಚ್ಚುವುದು ಅನಿವಾರ್ಯವಾಯಿತು. ಮಗುವಿನ ಕೈ ಕಲಿಯುವ ಕೈಯಾಗಿ ಉಳಿಯುವುದೋ, ದುಡಿಯುವ ಕೈ ಮಾತ್ರವಾಗುವುದೋ ಎಂಬುದು ಮನೆಯವರ ಮನಸ್ಸಿಗಿಂತ ಮಿಗಿಲಾಗಿ ಮನೆಯ ಅನ್ನದ ಮೇಲೆ ನಿಂತಿದೆಯೆಂಬ ಸತ್ಯ 1823ರಲ್ಲಿಯೇ ಬರಹಕ್ಕೆ ಇಳಿದಿತ್ತು.

ಅದೇ ಕಾಲಕ್ಕೆ ಭೀಮಾತೀರದಲ್ಲಿ ಬೇರೊಂದು ಬಗೆಯ ಶಾಲೆ ರೂಪುಗೊಂಡಿತು. ಅದಕ್ಕೆ ಕಟ್ಟಡವಿಲ್ಲ, ಹೆಸರುಪಟ್ಟಿಯಿಲ್ಲ. 18-19ನೆಯ ಶತಮಾನಗಳ ಸಂಧಿಯಲ್ಲಿ ಬಾಳಿದ ಕಡಕೋಳದ ಮಡಿವಾಳಪ್ಪನವರು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದವರು; ಅವರ ಕರ್ಮಭೂಮಿಯಾದ ಕಡಕೋಳ ಮೊದಲು ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ಹುಟ್ಟಿನ ಕಾರಣದಿಂದ ಅವರು ಅನುಭವಿಸಿದ ತಿರಸ್ಕಾರದ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದೇ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚನ್ನೂರಿನ ಜಲಾಲಸಾಹೇಬರು ಸೇರಿದಂತೆ ಹಲವು ಮತ ಹಲವು ಕುಲಗಳವರು ತತ್ತ್ವಪದಕಾರರಾಗಿ ಬೆಳೆದರು. ಆ ಪದಗಳು ಹಳ್ಳಿಹಳ್ಳಿಯ ಭಜನಾಮಂಡಳಿಗಳಲ್ಲಿ ಉಳಿದವು.

ಭಜನೆಯಲ್ಲಿ ಮಗು ಕಲಿಯುವ ಬಗೆ ಗಮನಾರ್ಹವಾದುದು. ರಾತ್ರಿ ಗುಡಿಯ ಅಥವಾ ಗದ್ದುಗೆಯ ಕಟ್ಟೆಯ ಮೇಲೆ ಹಿರಿಯರು ಸುತ್ತುಗಟ್ಟಿ ಕೂಡುತ್ತಾರೆ. ಹುಡುಗ ಮೊದಲು ಅಂಚಿನಲ್ಲಿ ಕೂತು ಕೇಳುತ್ತಾನೆ. ನಿದ್ರೆ ಬಂದರೆ ಅಲ್ಲಿಯೇ ಮಲಗುತ್ತಾನೆ, ಯಾರೂ ಬೈಯುವುದಿಲ್ಲ. ಕೆಲವು ದಿನಗಳ ಮೇಲೆ ಕೈಗೆ ತಾಳ ಬರುತ್ತದೆ. ಪಲ್ಲವಿಯನ್ನು ಎಲ್ಲರೊಡನೆ ಎತ್ತಿ ಹೇಳುತ್ತ ತಾಳ ಹಾಕುವಾಗ ತಪ್ಪಿದರೆ ಪಕ್ಕದವನ ಮೊಣಕೈ ತಾಗುತ್ತದೆ, ಅಷ್ಟೇ. ತಾಳ ನಿಂತ ಮೇಲೆ ದಮ್ಮಡಿ, ಅದರಾಚೆಗೆ ಏಕತಾರಿ. ಒಂಟಿಯಾಗಿ ಪದ ಎತ್ತುವುದು ಎಲ್ಲಕ್ಕೂ ಕೊನೆಗೆ. ಇದು ಮಗ್ಗದ ಮನೆಯ ಕ್ರಮವೇ ಸರಿ: ಪೂರ್ಣವಾದ ಕೆಲಸ ಕಣ್ಣ ಮುಂದೆ ನಡೆಯುತ್ತಿರಬೇಕು, ಅದರೊಳಗೆ ತನಗೆ ತಕ್ಕ ಚಿಕ್ಕ ಪಾಲು ಸಿಗಬೇಕು, ಪಾಲು ಬೆಳೆಯುತ್ತ ಹೋಗಬೇಕು. ಆದರೆ ಮಗ್ಗದ ಮನೆಯಲ್ಲಿ ಇಲ್ಲದ ಒಂದು ಗುಣ ಇಲ್ಲಿದೆ. ಈ ಕಟ್ಟೆಗೆ ಬರಲು ನೇಕಾರನ ಮಗನಾಗಬೇಕಿಲ್ಲ, ಕುಂಬಾರನ ಮಗನಾಗಬೇಕಿಲ್ಲ. ಬೆಡಗಿನ ಪದಗಳ ಅರ್ಥವನ್ನು ನಡುರಾತ್ರಿಯವರೆಗೆ ಹಿರಿಯರು ಚರ್ಚಿಸುವುದನ್ನು ಕೇಳಿ ಕೇಳಿ ಮಗುವಿಗೆ ಅರ್ಥದ ರುಚಿಯೂ ಹತ್ತುತ್ತದೆ. ಕೂಲಿಮಠ ಎಡವಿದ್ದ ಕಡೆ ಭಜನೆಯ ಕಟ್ಟೆ ಎಡವಲಿಲ್ಲ. ಶರಣರು ತೆರೆದಿಟ್ಟ ಕಿಂಡಿ ಇಲ್ಲಿ ಬಾಗಿಲಾಯಿತೆಂದರೆ ತಪ್ಪಾಗಲಾರದು. ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಆ ಬಾಗಿಲು ಬಹುಕಾಲ ಅರೆತೆರೆದೇ ಇತ್ತು. ಅವರ ಕಲಿಕೆ ಒಲೆಯ ಮುಂದಿನ ರೊಟ್ಟಿ, ಹಳೆಯ ಸೀರೆಗಳ ಕೌದಿ, ಬೀಸುಕಲ್ಲಿನ ಹಾಡು ಇವುಗಳ ಸುತ್ತ ನಡೆಯಿತು. ತಾಂಡಾಗಳ ಲಂಬಾಣಿ ಹುಡುಗಿಯರು ಬಟ್ಟೆಯ ಚಿಂದಿಯ ಮೇಲೆ ಕನ್ನಡಿ ಕೂಡಿಸುವ ಹೊಲಿಗೆಯನ್ನು ತಾಯಂದಿರ ಮಗ್ಗುಲಲ್ಲಿ ಕಲಿತರು.

ಆಧುನಿಕ ಶಾಲೆ ಈ ಭಾಗಕ್ಕೆ ಬಂದಾಗ ಕೈಯೂ ಮಾತೂ ಎರಡೂ ಹೊರಗುಳಿದವು. ನಿಜಾಮರ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡವಾಡುತ್ತ ಕೂರಿಗೆ ಹಿಡಿದ ಮಗುವಿಗೆ ಓದಿನ ಮೇಲುಮೆಟ್ಟಿಲುಗಳಲ್ಲಿ ಕೂರಿಗೆಗೂ ಬೆಲೆಯಿಲ್ಲ, ಕನ್ನಡಕ್ಕೂ ನೆಲೆಯಿಲ್ಲ. ಗುಲಬರ್ಗೆಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಆ ಕತ್ತಲಲ್ಲಿ ದೀಪ ಹಿಡಿದವು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿ, 1958ರಲ್ಲಿ ಮಹಾದೇವಪ್ಪ ರಾಂಪೂರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮೇಲೆ ಕನ್ನಡದ ಮಕ್ಕಳಿಗೆ ಓದಿನ ದಾರಿ ತೆರೆಯಿತು. ಕೈಗೆ ಮಾತ್ರ ದಾರಿ ತೆರೆಯಲಿಲ್ಲ.

ಗಾಂಧೀಜಿಯವರು ಅದಕ್ಕೂ ಒಂದು ದಾರಿ ಸೂಚಿಸಿದ್ದರು. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನಡೆದ ಸಮ್ಮೇಳನ, ಅದರ ಬೆನ್ನಿಗೆ ಬಂದ ಝಾಕಿರ್ ಹುಸೇನರ ಸಮಿತಿ, ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿದವು. ಐದೂವರೆ ಗಂಟೆಯ ಶಾಲಾದಿನದಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ. ಲೆಕ್ಕ, ಭೂಗೋಳ, ವಿಜ್ಞಾನ ಎಲ್ಲವೂ ಆ ಕಸುಬಿನಿಂದಲೇ ಹೊಮ್ಮಬೇಕು. ಕಲ್ಪನೆ ಉದಾತ್ತವಾಗಿತ್ತು; ಕಾಯಕತತ್ತ್ವಕ್ಕೆ ಹತ್ತಿರದ್ದೂ ಆಗಿತ್ತು. ಆದರೆ ಬಹಳ ಶಾಲೆಗಳಲ್ಲಿ ಅದು ತಕಲಿಯ ಒಂದು ತಾಸಿಗೆ ಇಳಿಯಿತು. ಕಲಿಸುವವರಿಗೆ ನೂಲುವುದು ಕಸುಬಾಗಿರಲಿಲ್ಲ, ಮಕ್ಕಳು ತೆಗೆದ ನೂಲು ಯಾರ ಮೈಮೇಲೂ ಬಟ್ಟೆಯಾಗಿ ಬರಲಿಲ್ಲ. ಪೂರ್ಣವಾದ ಕೆಲಸ ಕಣ್ಣ ಮುಂದಿಲ್ಲದೆ ಅದರ ತುಣುಕನ್ನು ಮಾತ್ರ ಮಗುವಿನ ಕೈಗಿತ್ತರೆ ಆ ತುಣುಕಿಗೆ ಜೀವ ಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ಸಂಶಯವೂ ಹಳ್ಳಿಗಳಲ್ಲಿ ಇತ್ತು, ಅದು ಅನ್ಯಾಯವಾದದ್ದೂ ಅಲ್ಲ. ತಲೆತಲಾಂತರದಿಂದ ಕೈಯಿಂದ ದುಡಿದು ಅವಮಾನ ಉಂಡವರು ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಿದ್ದು ಆ ದುಡಿಮೆಯಿಂದ ಪಾರಾಗಲೆಂದು. ಅಲ್ಲಿಯೂ ಕಸುಬನ್ನೇ ಕಲಿಸಿದರೆ ಪುಸ್ತಕ ಯಾರ ಮಕ್ಕಳಿಗೆಂದು ಅವರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತು, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಚಿಕ್ಕ ತರಗತಿಗಳಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲೇರುವ ಈ ಕ್ರಮದಲ್ಲಿ ಐಗಳ ಮರಳಿನ, ಹಿರಿಯ ಹುಡುಗನ ನೆನಪು ಇಲ್ಲದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕಲಿಯಲೆಂದು ಸೂಚಿಸಿತು. ಕುಂಬಾರನು ಗುರುವಾಗಿ ಸರಕಾರಿ ಕಾಗದದಲ್ಲಿ ಕಾಣಿಸಿಕೊಂಡದ್ದು ಸಂತೋಷದ ಸಂಗತಿ. ಹತ್ತು ದಿನದಲ್ಲಿ ಹರಳು ಆರಿಸುವುದಷ್ಟೇ ಮುಗಿದೀತೆಂಬುದನ್ನು ಆ ಕಾಗದ ಬರೆದವರಿಗೆ ಯಾವ ಕುಂಬಾರನಾದರೂ ಹೇಳಬಹುದಾಗಿತ್ತು.

ಕಾನೂನು ಇನ್ನೊಂದು ಕಡೆಯಿಂದ ಈ ಪ್ರಶ್ನೆಯನ್ನು ಮುಟ್ಟಿದೆ. 1986ರ ಬಾಲಕಾರ್ಮಿಕ ಕಾಯಿದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಡ್ಡಾಯ ಶಿಕ್ಷಣದ ಹಕ್ಕು, 2016ರ ತಿದ್ದುಪಡಿ ಇವು ಕೂಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದವು. ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಲು ಮಾತ್ರ 2016ರ ತಿದ್ದುಪಡಿ ಅವಕಾಶ ಕೊಟ್ಟಿತು. ಮಗು ತನ್ನ ಮನೆಯ ವಿದ್ಯೆಗೆ ಎರವಾಗಬಾರದೆಂದು ಕೆಲವರು ಇದನ್ನು ಸ್ವಾಗತಿಸಿದರು. ಮನೆತನದ ಕೆಲಸವೆಂಬ ಹೆಸರಿನಲ್ಲಿ ಹುಟ್ಟಿನ ಕಟ್ಟು ಮತ್ತೆ ಬಿಗಿಯುತ್ತದೆಂದು ಕೆಲವರು ವಿರೋಧಿಸಿದರು. ಎರಡು ಮಾತಿನಲ್ಲಿಯೂ ಹುರುಳಿದೆ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಸುಗ್ಗಿಯಲ್ಲಿ ಇಡೀ ದಿನ ಹೊಲದಲ್ಲಿರುವ ಮಗುವೂ, ಕೆಲಸ ಹುಡುಕಿ ಪುಣೆ ಮುಂಬಯಿಗಳಿಗೆ ಗುಳೆ ಹೋಗುವ ತಂದೆತಾಯಿಗಳ ಹಿಂದೆ ಶಾಲೆ ಬಿಟ್ಟು ಹೊರಡುವ ಮಗುವೂ ಕೈಯಿಂದಲೇ ಕೆಲಸ ಮಾಡುತ್ತವೆ. ಅದನ್ನು ಯಾರೂ ಕಲಿಕೆಯೆಂದು ಕರೆಯಲಾರರು. ಸಾವಿರದೊಂದನೆಯ ಹತ್ತಿಯ ಕಾಯಿ ಬಿಡಿಸುವ ಬೆರಳಿಗೆ ಮೊದಲನೆಯ ಕಾಯಿ ಕಲಿಸಿದ್ದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಕೂರಿಗೆಯ ಬಟ್ಟಲ ಮೇಲೆ ಕೈಯಿಟ್ಟ ಮಗಳಿಗೆ ಮುಂದಿನ ವರ್ಷ ಇನ್ನೆರಡು ಸಾಲು ಸಿಗುತ್ತಿತ್ತು. ತಾಳ ಹಾಕಿದ ಹುಡುಗನಿಗೆ ದಮ್ಮಡಿ ಕಾದಿರುತ್ತಿತ್ತು. ಆಳಂದದ ತಾಂಡಾದಲ್ಲಿ, ಅಫಜಲಪುರದ ನದಿದಂಡೆಯ ಹೊಲದಲ್ಲಿ, ಜೇವರ್ಗಿಯ ಶಾಲೆಯ ಅಂಗಳದಲ್ಲಿ ಮಗುವಿನ ಕೈಯಲ್ಲಿರುವ ಕೆಲಸ ಯಾವುದೇ ಇರಲಿ, ನಾಳೆ ಅದಕ್ಕಿಂತ ದೊಡ್ಡ ಪಾಲೊಂದು ಆ ಕೈಗೆ ಬರುವುದೋ ಇಲ್ಲವೋ ಎಂದು ಹಿರಿಯರು ಕೇಳಿಕೊಳ್ಳಬೇಕಾಗಿದೆ. ಕಡಕೋಳದ ಕಡೆಯ ಭಜನೆಯ ಕಟ್ಟೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹುಡುಗನ ತಾಳ ಎರಡು ಪದಗಳ ತನಕ ಅಲುಗದೆ ನಿಂತಿತೆಂದು ಕಂಡ ರಾತ್ರಿ, ಪಕ್ಕದ ಹಿರಿಯ ತನ್ನ ದಮ್ಮಡಿಯನ್ನು ಅವನ ತೊಡೆಯ ಮೇಲೆ ಇಡುತ್ತಾನೆ.